ಫಾರ್ಮಿನಲ್ಲಿ ಬರೆಯದೆ ಬಿಟ್ಟ ಮಿಸ್ರಿ

ನಮ್ಮ ಪಂಚಶೀಲಕ್ಕ ಹೋದ ವರ್ಷ ಮಳೆಗಾಲದಿಂದ ದೀಪಾವಳಿಯವರೆಗೆ ಆಳಂದ, ಅಫಜಲಪುರ, ಜೇವರ್ಗಿ ಎಂದು ಯಾಕೆ ಬಸ್ಸು ಹತ್ತಿ ಇಳಿದಳು, ಒಮ್ಮೆ ಹೋಗಿ ಬಂದ ಊರಿಗೇ ಮತ್ತೆ ಯಾಕೆ ಹೋದಳು ಎಂದು ಈ ಗ್ರೂಪಿನಲ್ಲಿ ನೀವೆಲ್ಲ ಕೇಳಿದ್ದಿರಿ. ಎಲೆಕ್ಷನ್ನಿಗೆ ನಿಲ್ಲುತ್ತಾಳೆ ಎಂದು ಒಬ್ಬ ಹಬ್ಬಿಸಿದ. ನೌಕರಿ ಹೋಗಿದೆ ಎಂದು ಇನ್ನೊಬ್ಬ. ಎರಡೂ ಅಲ್ಲ. ಟೈಪ್ ಮಾಡುತ್ತ ಕೂತರೆ ಬೆಳಗಾಗುತ್ತದೆ, ಅದಕ್ಕೆ ಬಾಯಿಂದಲೇ ಹೇಳಿ ಕಳಿಸುತ್ತಿದ್ದೇನೆ. ಇಯರ್‌ಫೋನ್ ಹಾಕಿಕೊಂಡು ಕೇಳಿ, ಸ್ಪೀಕರಿನಲ್ಲಿ ಹಾಕಬೇಡಿ; ನಮ್ಮ ದೊಡ್ಡವ್ವ ಅಲ್ಲೇ ಎಲ್ಲಾದರೂ ಕೂತಿರುತ್ತಾಳೆ. ಅಕ್ಕನನ್ನು ಕೇಳಿಯೇ ಹೇಳುತ್ತಿದ್ದೇನೆ.

"ಹೇಳು, ಆದರ ನನ್ನ ಚಲೋ ಮಾಡಿ ಹೇಳಬ್ಯಾಡ" ಎಂದಿದ್ದಾಳೆ.

ಗೊತ್ತಿಲ್ಲದವರಿಗೆ ಮೊದಲು ಇಷ್ಟು. ಅಕ್ಕ ನಮ್ಮ ದೊಡ್ಡಪ್ಪ ದಶರಥನ ಮಗಳು. ಊರು ಆಳಂದ ತಾಲೂಕಿನ ನಿಂಬರ್ಗಾ. ದೊಡ್ಡಪ್ಪ, ದೊಡ್ಡವ್ವ ಕಸ್ತೂರಿಬಾಯಿ ಇಬ್ಬರೂ ತೊಗರಿ ಹೊಲದ ಕೂಲಿಗೆ ಹೋಗಿ ಅವಳನ್ನು ಓದಿಸಿದರು. ಈಗ ಅವಳಿಗೆ ಮೂವತ್ತೆರಡು. ಕಲಬುರಗಿಯ ಒಂದು ಲ್ಯಾಬಿನಲ್ಲಿ ಬಯೋಕೆಮಿಸ್ಟ್. ಬಾಯಿಯೊಳಗೆ ಬಿಳಿ ಮಚ್ಚೆ ಏಳುತ್ತದಲ್ಲ, ಮುಂದೆ ಕ್ಯಾನ್ಸರ್ ಆಗುವಂಥದ್ದು, ಅದಕ್ಕೆ ಹಚ್ಚುವ ಮುಲಾಮು ತಯಾರಿಸುವ ಗುಂಪಿನಲ್ಲಿ ಅವಳ ಕೆಲಸ.

ಆ ಕೆಲಸವನ್ನು ಅವಳು ದೊಡ್ಡವ್ವನಿಗೆ ತಿಳಿಸಿ ಹೇಳಿದಾಗ ನಾನೂ ಅಲ್ಲೇ ಕೂತಿದ್ದೆ.

"ಅವ್ವ, ತೊಗರಿ ಬ್ಯಾಳಿ ಹ್ಯಾಂಗ ಆಗ್ತದ ಹೇಳು."

"ಇದೇನ ಬೇ, ನನಗ ಪರೀಕ್ಷಾ? ತೊಗರಿ ನೆನಸಬೇಕು, ಕೆಮ್ಮಣ್ಣ ಹಚ್ಚಬೇಕು, ಒಣಗಸಬೇಕು, ಬೀಸಬೇಕು, ಕೇರಬೇಕು."

"ಒಂದೊಂದು ಕೆಲಸಕ್ಕ ಒಬ್ಬೊಬ್ಬಾಕಿ ಕೂತಾಳ ಅಂತ ತಿಳಕೋ. ನಡುವ ಬೀಸೋಕಿ ಎದ್ದು ಹೋದಳು. ಮುಂದ?"

"ಕೇರೋಕಿ ಖಾಲಿ ಮೊರ ಹಿಡಕೊಂಡು ಬಾಯಿ ನೋಡಕೋತ ಕುಂದರ್ತಾಳ."

"ಹಾಂ! ನಮ್ಮ ಮೈಯಾಗಿನ ಒಂದೊಂದು ಕಣದಾಗೂ ಹಿಂಗ ಸಾಲಾಗಿ ಕೂತ ಕೆಲಸದವರು ಅದಾರ. ಅವರಿಗಿ ಕಿಣ್ವ ಅಂತಾರ. ಕ್ಯಾನ್ಸರಿನ ಕಣ ಬೆಳೀಬೇಕಂದ್ರ ಅದರ ಸಾಲಿನಾಗ ಒಬ್ಬ ಬೀಸೋಕಿ ಬೇಕೇ ಬೇಕು. ನಮ್ಮ ಔಷಧಿ ಆಕಿಗಿಂತ ಮದಲ ಹೋಗಿ ಆಕಿ ಜಾಗಾದಾಗ ಕುಂದರ್ತದ. ಆಕಿಗಿ ಕುಂದರಾಕ ಜಾಗಾನೇ ಸಿಗಂಗಿಲ್ಲ."

ದೊಡ್ಡವ್ವ ಒಂದು ಕ್ಷಣ ಯೋಚಿಸಿ, "ಪಾಪ, ಆಕಿ ಅವತ್ತಿನ ಕೂಲಿ ಹೋತಲ್ಲ ಬೇ" ಎಂದಳು. ನಾವು ಬಿದ್ದು ಬಿದ್ದು ನಕ್ಕೆವು.

ಆದರೆ ಈ ಕತೆ ಆ ಕಿಣ್ವದ್ದಲ್ಲ. ಬಾಯಿಯ ಕಣಗಳಲ್ಲಿ ಇನ್ನೊಂದು ಕಿಣ್ವವಿದೆ. ಹೊರಗಿನಿಂದ ಒಳಗೆ ಬಂದದ್ದನ್ನೆಲ್ಲ ಒಡೆದು ಆಚೆ ತಳ್ಳುವುದು ಅದರ ಕೆಲಸ. ಔಷಧಿಯೂ ಹೊರಗಿನಿಂದ ಬಂದದ್ದೇ, ಅದನ್ನೂ ಒಡೆಯುತ್ತದೆ. ಈ ಒಡೆಯುವ ಕಿಣ್ವ ಒಂದು ಬಾಯಲ್ಲಿ ಜಾಸ್ತಿ ಇದ್ದರೆ ಆ ಬಾಯಿಗೆ ಮುಲಾಮು ಗಟ್ಟಿ ಬೇಕು, ಅಂದರೆ ಅದರಲ್ಲಿ ಔಷಧಿ ಜಾಸ್ತಿ ಇರಬೇಕು. ಕಡಿಮೆ ಇರುವ ಬಾಯಿಗೆ ಅದೇ ಗಟ್ಟಿ ಮುಲಾಮು ಹಚ್ಚಿದಿರೋ, ಚೆನ್ನಾಗಿರುವ ಕೆನ್ನೆಯೂ ಸುಟ್ಟು ಹುಣ್ಣಾಗುತ್ತದೆ. ಇದೊಂದು ಮಾತು ನೆನಪಿಟ್ಟುಕೊಂಡರೆ ಸಾಕು, ಮಿಕ್ಕಿದ್ದೆಲ್ಲ ತಾನೇ ತಿಳಿಯುತ್ತದೆ.

ಹಾಗಾಗಿ ರೋಗವಿಲ್ಲದ, ತಂಬಾಕಿನ ಚಟವಿಲ್ಲದ ಹೆಂಗಸರ ಬಾಯಲ್ಲಿ ಆ ಕಿಣ್ವ ಎಷ್ಟಿದೆ ಎಂದು ಮೊದಲು ಅಳೆಯಬೇಕಿತ್ತು. ನಮ್ಮ ಭಾಗದ ಮೂರು ತಾಲೂಕುಗಳನ್ನು ಆರಿಸಿದರು. ಆ ಕಡೆಯ ಹಳ್ಳಿಯಿಂದ ಬಂದು ಲ್ಯಾಬಿನಲ್ಲಿ ಇದ್ದವಳು ಅಕ್ಕ ಒಬ್ಬಳೇ. ಹೆಂಗಸರನ್ನು ಏನೇನು ಕೇಳಬೇಕು ಎಂಬ ಫಾರ್ಮು ಬರೆಯುವ ಕೆಲಸ ಅವಳಿಗೇ ಬಂತು.

ಈಗ ಮಿಸ್ರಿ ವಿಷಯ. ಕಲಬುರಗಿಯಲ್ಲಿ ಹುಟ್ಟಿ ಬೆಳೆದ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ರೊಟ್ಟಿ ಮುಗಿದ ಮೇಲೆ ಬಿಸಿ ಹಂಚಿನ ಮೇಲೆ ತಂಬಾಕಿನ ಎಲೆ ಹಾಕಿ, ಕರ್ರಗಾಗುವ ತನಕ ಹುರಿದು, ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿ ಡಬ್ಬಿಗೆ ತುಂಬುತ್ತಾರೆ. ಅದೇ ಮಿಸ್ರಿ. ಎದ್ದ ಕೂಡಲೇ ಬೆರಳಿನಿಂದ ಹಲ್ಲಿಗೆ, ವಸಡಿಗೆ ಹಚ್ಚಿ ತಿಕ್ಕುತ್ತಾರೆ. ರೊಟ್ಟಿ ತಿಂದ ಮೇಲೆ ಒಮ್ಮೆ, ಕಳೆ ತೆಗೆಯುವಾಗ ಹಸಿವಾದರೆ ಒಮ್ಮೆ. ಹಚ್ಚುವವರಿಗೆ ಅದು ಚಟವಲ್ಲ. ತಂಬಾಕು ತಿನ್ನುವುದು ಗಂಡಸರು. ಇದು ಹಲ್ಲು ತಿಕ್ಕುವುದು. ನಮ್ಮ ದೊಡ್ಡವ್ವ ಮದುವೆಯಾಗಿ ಬಂದಾಗಿನಿಂದ ತಿಕ್ಕುತ್ತಾಳೆ. ಅವಳಿಗೆ ಹುರಿದುಕೊಡುವುದು ಸಣ್ಣಂದಿನಿಂದ ಅಕ್ಕನ ಕೆಲಸ. ಹೊಗೆಗೆ ಕೆಮ್ಮುತ್ತ, ಮೂಗಿಗೆ ಅರಿವೆ ಕಟ್ಟಿಕೊಂಡು ಹುರಿಯುತ್ತಿದ್ದಳು.

ಎಂಎಸ್ಸಿ ಮೊದಲನೇ ವರ್ಷ ದೊಡ್ಡವ್ವ ಒಮ್ಮೆ ಹಾಸ್ಟೆಲಿಗೆ ಬಂದಿದ್ದಳು, ಶೇಂಗಾ ಹೋಳಿಗೆ ಕಟ್ಟಿಕೊಂಡು. ಊಟ ಮುಗಿಸಿ ಸಹಜವಾಗಿ ಡಬ್ಬಿ ತೆಗೆದಳು. ರೂಮಿನ ಹುಡುಗಿಯೊಬ್ಬಳು ಕಣ್ಣು ದೊಡ್ಡದು ಮಾಡಿ, "ಇದೇನು, ನಿಮ್ಮಮ್ಮ ಇದ್ದಿಲು ತಿಂತಾರಾ?" ಎಂದಳು. ಉಳಿದವರು ನಕ್ಕರು. ಕೆಟ್ಟ ನಗು ಕೂಡ ಅಲ್ಲ ಅದು, ಸುಮ್ಮನೆ ಬಂದ ನಗು. ಅಕ್ಕನಿಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತಂತೆ.

"ಹಲ್ಲುನೋವಿಗೆ ಆಯುರ್ವೇದದ ಪುಡಿ" ಎಂದುಬಿಟ್ಟಳು.

ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ ದೊಡ್ಡವ್ವನಿಗೆ ಹೇಳಿದಳು: "ಅವ್ವ, ಇನ್ನ ಮ್ಯಾಲ ಹೊರಗಿನವರ ಮುಂದ ಆ ಡಬ್ಬಿ ತೆಗೀಬ್ಯಾಡ."

"ಯಾಕ ಬೇ? ಹಲ್ಲ ತಿಕ್ಕೋದೇನು ಕಳ್ಳತನ ಏನ?"

"ತೆಗೀಬ್ಯಾಡ ಅಂದ್ರ ತೆಗೀಬ್ಯಾಡ. ಹೇಳಲೂ ಬ್ಯಾಡ."

ದೊಡ್ಡವ್ವ ಆಯಿತು ಅಂದಳು. ಮತ್ತೆ ಹಾಸ್ಟೆಲಿಗೆ ಬರಲೇ ಇಲ್ಲ.

ಇದಾಗಿ ಹತ್ತು ವರ್ಷ. ಲ್ಯಾಬಿನಲ್ಲಿ ಫಾರ್ಮು ಬರೆಯುವಾಗ ಪಕ್ಕದಲ್ಲಿ ಸೃಷ್ಟಿ ಎಂಬ ಹುಡುಗಿ ಇದ್ದಳು. ಅಕ್ಕನ ಕೈಕೆಳಗೆ ಪಿಎಚ್‌ಡಿಗೆ ಸೇರಿದವಳು, ಮೈಸೂರಿನ ಕಡೆಯವಳು. ತಂಬಾಕಿನ ಪ್ರಶ್ನೆಯ ಕೆಳಗೆ ಬೀಡಿ, ಗುಟ್ಕಾ, ಎಲೆ ಅಡಿಕೆ ಜೊತೆ ತಂಬಾಕು, ಸುಣ್ಣ ತಂಬಾಕು ಎಂದು ಬರೆದಾಗಿತ್ತು.

"ಅಕ್ಕಾ, ನಿಮ್ಮ ಕಡೆ ಹೆಂಗಸರು ಬಳಸೋದು ಬೇರೆ ಇನ್ನೇನಾದ್ರೂ ಇದೆಯಾ? ಲೋಕಲ್ ಆಗಿ?"

ಅಕ್ಕನ ಬಾಯಿಗೆ ಬಂದಿತ್ತಂತೆ. ಹೇಳಿದರೆ ಸೃಷ್ಟಿ ಅದೇನು ಎಂದು ಕೇಳುತ್ತಾಳೆ. ಹೇಗೆ ಮಾಡುತ್ತಾರೆ ಎನ್ನುತ್ತಾಳೆ. ನಿಮಗೆ ಹೇಗೆ ಗೊತ್ತು ಎನ್ನುತ್ತಾಳೆ.

"ಇಲ್ಲ, ಇಷ್ಟೇ" ಎಂದಳು ಅಕ್ಕ.

ಇತರೆ ಎಂದು ಒಂದು ಖಾನೆ ಇತ್ತು. ಹಚ್ಚುವವರು ಅಲ್ಲಿ ಹೇಳಿಯೇ ಹೇಳುತ್ತಾರೆ ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡಳು.

ಕ್ಯಾಂಪು ನಡೆದವು. ನಿಂಬರ್ಗಾದಲ್ಲಿ ಬುದ್ಧವಿಹಾರದ ಪಡಸಾಲೆ, ಜೇವರ್ಗಿ ತಾಲೂಕಿನ ನೆಲೋಗಿಯಲ್ಲಿ ಶಾಲೆಯ ಕಟ್ಟೆ, ಅಫಜಲಪುರ ತಾಲೂಕಿನಲ್ಲಿ ಭೀಮಾ ದಂಡೆಯ ಎರಡು ಊರು. ಸೃಷ್ಟಿ ಪ್ರಶ್ನೆ ಕೇಳುವುದು, ಅಕ್ಕ ಸಣ್ಣ ಬ್ರಷ್ಷಿನಿಂದ ಕೆನ್ನೆಯ ಒಳಗೆ ಉಜ್ಜಿ ಕಣ ತೆಗೆದು ಐಸಿನ ಪೆಟ್ಟಿಗೆಯಲ್ಲಿ ಇಡುವುದು. "ತಂಬಾಕು ಬಳಸ್ತೀರಾ?" "ಇಲ್ಲ." "ಇತರೆ?" "ಇಲ್ಲ." ಬಾಯಿ ತೆರೆದಾಗ ಹಲ್ಲಿನ ಸಂದಿಯಲ್ಲಿ ಕಪ್ಪು ಗೆರೆ ಅಕ್ಕನಿಗೆ ಕಾಣುತ್ತಿತ್ತು. ಉಜ್ಜಿ, ಪೆಟ್ಟಿಗೆಗೆ ಹಾಕಿ, ಮುಂದಿನವರನ್ನು ಕರೆಯುತ್ತಿದ್ದಳು. ನೂರಾ ಇಪ್ಪತ್ತು ಹೆಂಗಸರು ಹೀಗೆ ತಂಬಾಕಿಲ್ಲದವರ ಪಟ್ಟಿಗೆ ಸೇರಿದರು. ದೊಡ್ಡವ್ವನೂ ಸಾಲಿನಲ್ಲಿ ನಿಂತು, ಇಲ್ಲ ಅಂದು ಅದೇ ಪಟ್ಟಿಗೆ ಸೇರಿದಳು.

ಜೂನ್ ತಿಂಗಳಲ್ಲಿ ಲೆಕ್ಕ ಬಂತು. ಒಡೆಯುವ ಕಿಣ್ವ ಬೇರೆ ಜಿಲ್ಲೆಗಳ ಹೆಂಗಸರಲ್ಲಿ ಇರುವುದಕ್ಕಿಂತ ನಮ್ಮವರಲ್ಲಿ ಎರಡು ಪಟ್ಟು! ಲ್ಯಾಬಿನ ಮುಖ್ಯಸ್ಥೆ ಮಂಜರಿ ಮೇಡಂ, ಕಲಬುರಗಿಯವರೇ, ಮೂವತ್ತು ವರ್ಷದಿಂದ ಕಿಣ್ವಗಳ ಮೇಲೇ ಕೆಲಸ ಮಾಡಿದವರು, ಕುರ್ಚಿಯಿಂದ ಎದ್ದೇ ಬಿಟ್ಟರು.

"ಪಂಚಶೀಲಾ, ನೋಡಿಲ್ಲಿ! ನಿಮ್ಮ ಕಡೆ ಹೆಣ್ಮಕ್ಕಳ ಬಾಯಾಗ ಏನ್ ಇಟ್ಟು ಕಳಿಸ್ಯಾನ ದೇವರು! ಹುಟ್ಟಾ ಬಂದದ್ದೇ ಇರಬೇಕು ಇದು. ಹಂಗಿದ್ರ ಇವರಿಗೆ ನಾವು ಮಾಡಿದ ಮುಲಾಮು ಸಾಲಂಗಿಲ್ಲ. ಡಬಲ್ ಗಟ್ಟಿ ಬೇಕು."

ಅಕ್ಕನಿಗೆ ಒಂದೇ ನಿಮಿಷದಲ್ಲಿ ತಿಳಿಯಿತು. ಅದು ದೇವರೂ ಅಲ್ಲ, ಹುಟ್ಟೂ ಅಲ್ಲ. ಹಂಚಿನ ಮೇಲೆ ಸುಟ್ಟ ಎಲೆಯ ಮಸಿ ದಿನಾ ಕೆನ್ನೆಗೆ ತಾಗಿದರೆ ಆ ಕಿಣ್ವ ಏಳುತ್ತದೆ. ಸುಟ್ಟ ತಂಬಾಕು ಅದನ್ನು ಏಳಿಸುತ್ತದೆ ಎಂದು ಅವಳು ಎಂಎಸ್ಸಿಯಲ್ಲೇ ಓದಿದ್ದಳು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಬಾಯಲ್ಲಿ ಮಚ್ಚೆ ಎದ್ದು ಉರಿ ಶುರುವಾದ ಹೆಂಗಸು ಮೊದಲು ಬಿಡುವುದೇ ಮಿಸ್ರಿಯನ್ನು. ಬಿಟ್ಟ ಕೆಲವು ವಾರದಲ್ಲಿ ಕಿಣ್ವ ಇಳಿಯುತ್ತದೆ. ಇಳಿದ ಬಾಯಿಗೆ ಇವರು ಡಬಲ್ ಗಟ್ಟಿ ಮುಲಾಮು ಹಚ್ಚುತ್ತಾರೆ.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಇಪ್ಪತ್ತಮೂರು ದಿನ ಹೇಳಲಿಲ್ಲ. ಇಲ್ಲಿ ಅವಳನ್ನು ಚಲೋ ಮಾಡಬಾರದು ಎಂದು ನನಗೆ ತಾಕೀತಾಗಿದೆ, ಆದ್ದರಿಂದ ಹೇಳುತ್ತೇನೆ: ಆ ದಿನಗಳಲ್ಲಿ ಅವಳು ಡಬಲ್ ಗಟ್ಟಿ ಮುಲಾಮಿನ ಪರೀಕ್ಷೆಗೆ ಅನುಮತಿ ಕೇಳುವ ಕಾಗದಗಳನ್ನು ತನ್ನ ಕೈಯಾರೆ ತಯಾರಿಸಿದಳು. ಪುಟಗಟ್ಟಲೆ. ಮೇಡಂ ಆ ಕಾಗದದಲ್ಲಿ ತಮ್ಮ ಹೆಸರಿನ ಪಕ್ಕದಲ್ಲೇ ಅಕ್ಕನ ಹೆಸರು ಹಾಕಿದ್ದರು. ಅಕ್ಕ ಆ ಪುಟವನ್ನು ಎರಡು ಸಲ ತೆಗೆದು ನೋಡಿದಳಂತೆ, ಖುಷಿಯಿಂದ.

ಕಾಗದ ಸೋಮವಾರ ಅನುಮತಿ ಕೊಡುವ ಸಮಿತಿಗೆ ಹೋಗುವುದಿತ್ತು. ಹಿಂದಿನ ದಿನ ಭಾನುವಾರ ಅಕ್ಕ ನಿಂಬರ್ಗಾಕ್ಕೆ ಬಂದಳು. ಮಧ್ಯಾಹ್ನ, ಊಟದ ಹೊತ್ತು. ದೊಡ್ಡವ್ವ ಕೈ ತೊಳೆದು ಡಬ್ಬಿ ತೆಗೆದಳು. ಮನೆಯವರಷ್ಟೇ ಇದ್ದೆವಲ್ಲ.

"ಅವ್ವ, ಕ್ಯಾಂಪಿನ್ಯಾಗ ಸೃಷ್ಟಿ ಕೇಳಿದಾಗ ಇಲ್ಲ ಅಂದಿ ಯಾಕ?" ಎಂದಳು ಅಕ್ಕ.

"ಏನ ಇಲ್ಲ ಅಂದೆ?"

"ಇದು. ಇತರೆ ಅಂತ ಕೇಳಿದಳಲ್ಲ."

ದೊಡ್ಡವ್ವ ಬೆರಳನ್ನು ಬಾಯಿಂದ ತೆಗೆದು ಅಕ್ಕನನ್ನು ನೋಡಿದಳು. ಹುಚ್ಚು ಪ್ರಶ್ನೆ ಕೇಳಿದವರನ್ನು ನೋಡುವ ಹಾಗೆ.

"ನೀನೇ ಹೇಳಿದ್ದಿಯಲ್ಲ ಬೇ, ಹೊರಗಿನವರ ಮುಂದ ತೆಗೀಬ್ಯಾಡ, ಹೇಳಲೂ ಬ್ಯಾಡ ಅಂತ. ನಾ ಒಬ್ಬಾಕೀನೇ ಅಲ್ಲ, ನಮ್ಮ ಓಣಿ ಹೆಣ್ಮಕ್ಕಳಿಗೆಲ್ಲ ಮುಂಜಾನೆನೇ ಹೇಳಿಟ್ಟಿದ್ದೆ. ನಮ್ಮ ಶೀಲಾ ಸಾಹೇಬರ ಸಂಗಟ ಬರಾಕತ್ತಾಳ, ಮಿಸ್ರಿ ಮಾತು ಎತ್ತಬ್ಯಾಡ್ರಿ, ಆಕಿಗಿ ಶರಮ್ ಆಗ್ತದ ಅಂತ. ಅದಕ್ಕ ಎಲ್ಲಾರೂ ಹಲ್ಲ ತೊಳಕೊಂಡು ಬಂದಿದ್ರು."

ದೊಡ್ಡಪ್ಪ ತಟ್ಟೆ ಎತ್ತಿಕೊಂಡು ಹೊರಗೆ ಹೋದ.

"ತಪ್ಪಾತೇನ ಬೇ?" ಎಂದಳು ದೊಡ್ಡವ್ವ.

"ಅದರಿಂದ ಕ್ಯಾನ್ಸರ್ ಬರ್ತದವ್ವ" ಎಂದಳು ಅಕ್ಕ. ಸಿಟ್ಟಿನಿಂದಲೇ ಅಂದಳು. ಯಾರ ಮೇಲಿನ ಸಿಟ್ಟೋ.

ದೊಡ್ಡವ್ವ ಡಬ್ಬಿಯ ಮುಚ್ಚಳ ಹಾಕಿದಳು.

"ಹತ್ತು ವರ್ಷದಿಂದ ಮುಚ್ಚು ಮುಚ್ಚು ಅಂತಿದ್ದಿ. ಬಿಡು ಅಂತ ಯಾವತ್ತ ಅಂದಿ?"

ಬಾಯಿ ಕ್ಯಾನ್ಸರಿಗೆ ಔಷಧಿ ಹುಡುಕುವವಳು, ತನ್ನ ತಾಯಿಗೆ ಒಂದು ಸಲವೂ ಬಿಡು ಎಂದಿರಲಿಲ್ಲ. ನಾನೇ ಸಾಕ್ಷಿ. ನಮ್ಮೆದುರು ಎಷ್ಟೋ ಸಲ ಹೇಳಿದ್ದಾಳೆ: ಡಬ್ಬಿ ಒಳಗಿಡು, ಹಲ್ಲು ತೊಳೆದುಕೊಂಡು ಬಾ, ಫೋಟೋ ತೆಗೆಯುವಾಗ ಬಾಯಿ ಮುಚ್ಚಿಕೋ. ಬಿಡು ಅಂದರೆ ಮಿಸ್ರಿಯ ಹೆಸರು ಹಿಡಿಯಬೇಕಿತ್ತು. ಅದಕ್ಕೂ ಅವಳಿಗೆ ನಾಚಿಕೆ.

ಅಕ್ಕ ಊಟ ಬಿಟ್ಟು ಎದ್ದಳು. ತಂದಿದ್ದ ಬ್ಯಾಗಿನಿಂದ ಬ್ರಷ್ ತೆಗೆದು, "ಬಾಯಿ ತೆಗಿ ಅವ್ವ" ಎಂದು, ಮಿಸ್ರಿಯ ಬಾಯಿ ಎಂದೇ ಗುರುತು ಹಾಕಿ ಅಳೆಯಲು ಕೆನ್ನೆ ಉಜ್ಜಿಕೊಂಡು, ಸಂಜೆಯ ಬಸ್ಸು ಕಾಯದೆ ಆಳಂದಕ್ಕೆ ಹೊರಟ ಯಾರದೋ ಟಂಟಂ ಆಟೋ ಹತ್ತಿ ಹೋದಳು.

ಸೋಮವಾರ ಬೆಳಿಗ್ಗೆ ಮಂಜರಿ ಮೇಡಂ ಕೋಣೆಯಲ್ಲಿ ಸೃಷ್ಟಿಯೂ ಇದ್ದಳು. ಕಾಗದದ ಕಟ್ಟು ಮೇಜಿನ ಮೇಲೆ, ಸಹಿ ಒಂದು ಬಾಕಿ.

"ಸಹಿ ಮಾಡಬ್ಯಾಡ್ರಿ ಮೇಡಂ" ಎಂದಳು ಅಕ್ಕ. "ಆ ಪಟ್ಟಿ ಕೆಟ್ಟದ. ಅವರು ತಂಬಾಕು ಇಲ್ಲದವರು ಅಲ್ರಿ. ಮಿಸ್ರಿ ಹಚ್ಚವರು." ಮಿಸ್ರಿ ಎಂದರೇನು, ಹೇಗೆ ಹುರಿಯುತ್ತಾರೆ, ಎಷ್ಟು ಸಲ ಹಚ್ಚುತ್ತಾರೆ, ಬಿಟ್ಟರೆ ಏನಾಗುತ್ತದೆ ಎಲ್ಲ ಹೇಳಿದಳು. ಡಬಲ್ ಗಟ್ಟಿ ಮುಲಾಮು ಯಾರ ಬಾಯನ್ನು ಸುಡುತ್ತದೆ ಎಂಬುದನ್ನೂ ಹೇಳಿದಳು.

ಮೇಡಂ ಪೆನ್ನಿನ ಕ್ಯಾಪು ಹಾಕಿದರು. ಮೆತ್ತಗೆ ಅಂದರು: "ಮರತೀದಿ ನೀನು. ಫಾರ್ಮ್ ಮಾಡುವಾಗ ಇಂಥಾವು ಬಿಟ್ಟು ಹೋಗ್ತಾವ."

ತಪ್ಪಿಸಿಕೊಳ್ಳಲಿ ಎಂದು ಬಾಗಿಲು ತೆರೆದಿಟ್ಟೇ ಹೇಳಿದ ಮಾತು ಅದು. ಹೌದ್ರಿ ಮೇಡಂ ಅಂದಿದ್ದರೆ ಮುಗಿಯುತ್ತಿತ್ತು. ಅಕ್ಕ ನನ್ನ ಹತ್ತಿರ ಹೇಳಿದಳು, ಆ ಹೌದು ಎಂಬ ಮಾತು ನಾಲಗೆ ತುದಿಗೆ ಬಂದಿತ್ತು ಎಂದು.

"ಇಲ್ರಿ. ಮರೀಲಿಲ್ಲ. ಸೃಷ್ಟಿ ಕೇಳಿದ್ಲು. ನನಗ ನೆನಪ ಇತ್ತು. ಹೇಳಲಿಲ್ಲ."

"ಯಾಕ?"

"ನಮ್ಮವ್ವ ಹಚ್ಚತಾಳ್ರಿ ಮೇಡಂ."

ಸೃಷ್ಟಿ ತಲೆ ತಗ್ಗಿಸಿದಳು. ಮೇಡಂಗೆ ಮೊದಲು ಅರ್ಥವೇ ಆಗಲಿಲ್ಲ. "ಹಚ್ಚಿದ್ರೇನಾತು? ನಮ್ಮಜ್ಜಿ ನಶ್ಯ ಏರಸ್ತಿದ್ಲು, ದಿನಕ್ಕ ಹತ್ತು ಸರ್ತಿ. ಮಡಿ ಸೀರಿಗೆಲ್ಲ ಅದರದೇ ಕಲೆ. ಸೆಮಿನಾರಿನ್ಯಾಗ ಸೈತ ಹೇಳಿ ನಗಸ್ತೇನಿ ನಾನು."

"ನೀವು ನಗಸಬಹುದ್ರಿ ಮೇಡಂ" ಎಂದಳು ಅಕ್ಕ.

ಮೇಡಂ ಮುಖ ಕೆಂಪಾಯಿತಂತೆ. ಆಮೇಲೆ ಅಂದರು: "ಖರೇ ಅದ. ಅದು ನನಗ ಹೊಳೀಲಿಲ್ಲ. ನಾಚಿಕಿ ಆತು, ಫಾರ್ಮಿನ್ಯಾಗ ಬರೀಲಿಲ್ಲ, ಅದಿರಲಿ. ಆದರ ಲೆಕ್ಕ ಬಂದ ಮ್ಯಾಲ ಇಪ್ಪತ್ತಮೂರು ದಿನ ನನ್ನ ಎದುರಿಗೆ ಕೂತು ಈ ಕಾಗದ ಬರದೀದಿ. ಆ ಮುಲಾಮು ಹಚ್ಚಿಸ್ಕೊಳ್ಳೋರೂ ನಿಮ್ಮವ್ವನಂಥವರೇ ಅಲ್ಲೇನು? ಅದಕ್ಕೇನ್ ಹೇಳ್ತಿ?"

ಆ ಪ್ರಶ್ನೆಯನ್ನು ಆಮೇಲೆ ನಾನೂ ಅಕ್ಕನಿಗೆ ಹಾಕಿದೆ. "ಅದಕ್ಕ ಹೇಳೂದು ಏನೂ ಇಲ್ಲ ಬಿಡು" ಎಂದಷ್ಟೇ ಅಂದಳು. ನಗಸಬಹುದ್ರಿ ಎಂದು ತಾನು ಆಡಿದ ಮಾತು ಸುಳ್ಳಲ್ಲ, ಆದರೆ ಆ ಹೊತ್ತಿಗೆ ಅದನ್ನು ಗುರಾಣಿ ಮಾಡಿಕೊಂಡದ್ದು ಹೆಚ್ಚು ಚುಚ್ಚುತ್ತದೆ ಎಂದಳು.

ಕಾಗದ ವಾಪಸು ತೆಗೆದುಕೊಂಡರು. ಯಾಕೆ ತೆಗೆದುಕೊಂಡೆವು ಎಂಬ ಪತ್ರವನ್ನು ಸಮಿತಿಗೆ ಅಕ್ಕನೇ ಬರೆಯಬೇಕಾಯಿತು, ತನ್ನ ಹೆಸರಿನಲ್ಲಿ. ಆ ಕೆಲಸದ ಹೊಣೆ ಅವಳ ಕೈಯಿಂದ ಹೋಯಿತು. ಫಾರ್ಮು ಹೊಸದಾಗಿ ಸೃಷ್ಟಿ ಬರೆದಳು, ಮಿಸ್ರಿ ಮೊದಲನೇ ಸಾಲಿನಲ್ಲಿ. ಆ ನೂರಾ ಇಪ್ಪತ್ತು ಮಂದಿಯ ಮನೆಬಾಗಿಲಿಗೆ ಮತ್ತೆ ಹೋಗಿ ಕೇಳಿಕೊಂಡು ಬರುವವಳು ಪಂಚಶೀಲಾ ಎಂದು ಮೇಡಂ ತೀರ್ಮಾನ ಮಾಡಿದರು. ನೀವು ನೋಡಿದ ಬಸ್ಸಿನ ತಿರುಗಾಟ ಅದು.

ಅಫಜಲಪುರದ ಎರಡು ಊರು ಬೇಗ ಮುಗಿದವು. ನೆಲೋಗಿಯಲ್ಲಿ ಚಾಂದಬೀ ಎಂಬ ಬಳೆಗಾರ್ತಿ ಸಿಕ್ಕಳು, ಅರವತ್ತು ದಾಟಿದವಳು. ಮನೆ ಮುಂದಿನ ಕಟ್ಟೆಯ ಮೇಲೆ ಯಾರಿಗೋ ಬಳೆ ತೊಡಿಸುತ್ತಲೇ ಮಾತಾಡಿದಳು.

"ಮತ್ತ ಬಂದೆಲ್ಲ ಡಾಕ್ಟ್ರಬಾಯಿ. ಮದಲ ತಗೊಂಡ ಉಗುಳು ಹಳಸಿ ಹೋತೇನು?"

"ಇಲ್ರಿ ಖಾಲಾ. ಒಂದು ಮಾತು ಕೇಳೂದು ಬಿಟ್ಟಿದ್ದೆ. ನೀವು ಮಿಸ್ರಿ ಹಚ್ಚತೀರೇನ್ರಿ?"

"ಹಚ್ಚಲಾರದೇನು? ಹಲ್ಲು ಇರೋತನಕ ಹಚ್ಚೂದೇ."

"ಮದಲ ಬಂದಾಗ ತಂಬಾಕು ಇಲ್ಲ ಅಂದಿದ್ರಿ."

"ಹೌದು, ಇಲ್ಲ. ತಂಬಾಕು ನಮ್ಮ ಮನಿಯವರು ತಿಂತಾರ, ನಾ ಬೈತೇನಿ. ಇದು ಬ್ಯಾರೆ. ಹಲ್ಲಿಗಿ ಏನ್ ಹಚ್ಚತಿ ಅಂತ ಕೇಳಿದ್ರ ಹೇಳ್ತಿದ್ದೆ." ಬಳೆಯನ್ನು ಮೆಲ್ಲಗೆ ಒತ್ತಿ ಏರಿಸಿದಳು. "ಯಾವೂರ ನಿಂದು?"

"ನಿಂಬರ್ಗಾ."

"ಅಲ್ಲಿ ಹಚ್ಚಂಗಿಲ್ಲೇನು?"

"ಹಚ್ಚತಾರ್ರಿ. ನಮ್ಮವ್ವನೂ ಹಚ್ಚತಾಳ."

ಚಾಂದಬೀ ಕೈ ನಿಲ್ಲಿಸಿದಳು. "ಅಂದ್ರ ನಿನಗ ಮಾಲೂಮ್ ಇತ್ತು. ನಾ ಆ ಅಂತ ಬಾಯಿ ತೆಗದಿದ್ದೆ, ನನ್ನ ಹಲ್ಲ ನಿನಗ ಕಾಣಲಿಲ್ಲೇನು?"

"ಕಂಡ್ವು ಖಾಲಾ. ಕೇಳಾಕ ಶರಮ್ ಆತು."

"ಶರಮ್? ಯಾರ ಹಲ್ಲ ನೋಡಿ, ನನ್ನವೋ ನಿಮ್ಮವ್ವನವೋ?"

ಬಳೆ ತೊಡಿಸಿಕೊಳ್ಳುತ್ತಿದ್ದ ಹೆಂಗಸು ಕಿಸಕ್ಕನೆ ನಕ್ಕಳು. ಅಕ್ಕ ಬಿಸಿಲಲ್ಲಿ ನಿಂತೇ ಇದ್ದಳು. ಚಾಂದಬೀ ನಗಲಿಲ್ಲ. ಬಳೆಯ ಬುಟ್ಟಿ ಪಕ್ಕಕ್ಕೆ ಸರಿಸಿ, "ಕುಂದರು, ಬಿಸಲಾಗ ಯಾಕ ನಿಂತೀದಿ. ಉಜ್ಜಕೋ. ಈ ಸಲ ಛಂದಂಗ ಬರಕೋ" ಎಂದು ಬಾಯಿ ತೆರೆದಳು. ಅಕ್ಕ ಇದರಿಂದ ರೋಗ ಬರುತ್ತದೆ, ಬಿಡಬೇಕು ಎಂದು ಹೇಳಿದಾಗ ಮಾತ್ರ, "ಅದನ್ನ ನಿಮ್ಮವ್ವನಿಗಿ ಹೇಳಿ ಬಂದೀದಿ?" ಎಂದು ಕೇಳಿದಳು.

ಕೊನೆಯ ಊರು ನಿಂಬರ್ಗಾ. ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದಳು. ಹೊಸ ಲೆಕ್ಕದಲ್ಲಿ ಆ ಹೊತ್ತಿಗೆ ಉಳಿದೆಲ್ಲ ಊರು ಸೇರಿ ಎಪ್ಪತ್ತು ಮಂದಿ ಮಿಸ್ರಿಯವರು ಎಂದಾಗಿತ್ತು. ಹಚ್ಚದವರಲ್ಲಿ ಕಿಣ್ವ ಬೇರೆ ಜಿಲ್ಲೆಯವರಷ್ಟೇ ಇತ್ತು. ಹಳೆಯ ಮುಲಾಮೇ ಸರಿ ಇತ್ತು ಎಂದಾಯಿತು.

ವಿಹಾರದ ಪಡಸಾಲೆಯಲ್ಲಿ ಓಣಿಯ ಹೆಂಗಸರು ಗೋಡೆಗುಂಟ ಕೂತರು. ದೊಡ್ಡವ್ವ ನಡುವೆ. ಅಕ್ಕ ಮೊದಲೇ ಎಲ್ಲರಿಗೂ ಹೇಳಿದಳು, ಹೋದ ಸಲ ನೀವು ನನ್ನ ಸಲುವಾಗಿ ಮುಚ್ಚಿಟ್ಟಿರಿ, ತಪ್ಪು ನನ್ನದು, ಈ ಸಲ ಇದ್ದದ್ದು ಇದ್ದಂಗ ಹೇಳ್ರಿ ಎಂದು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ದಿನ ಅಕ್ಕನ ಜೊತೆಗೆ ಬಂದಿದ್ದ ಸೃಷ್ಟಿ ಟ್ಯಾಬ್ ಹಿಡಿದು ಕೇಳುತ್ತ ಬಂದಳು. ದೊಡ್ಡವ್ವನ ಸರದಿ ಬಂತು.

"ಮಿಸ್ರಿ ಹಚ್ತೀರಾ ಅಮ್ಮಾ?"

ದೊಡ್ಡವ್ವ ಮೊದಲು ಮಗಳನ್ನು ನೋಡಿದಳು. ಅಕ್ಕ ತಲೆಯಾಡಿಸಿದಳು.

"ಹೂಂ."

"ದಿನಕ್ಕೆ ಎಷ್ಟು ಸಲ?"

"ಎರಡ ಸರ್ತಿ."

ಸೃಷ್ಟಿ ಬ್ರಷ್ಷಿನ ಪೊಟ್ಟಣ ಹರಿಯಲು ಆ ಕಡೆ ತಿರುಗಿದಳು. ದೊಡ್ಡವ್ವ ಅಕ್ಕನ ಕಿವಿಯ ಹತ್ತಿರ ಬಾಗಿದಳು. ನಾನು ಪಕ್ಕದಲ್ಲೇ ಇದ್ದೆ, ಕೇಳಿಸಿತು.

"ಐದು ಬರಕೋ ಬೇ ನೀ. ಆ ಹುಡುಗಿ ಮುಂದ ಹ್ಯಾಂಗ ಹೇಳಲಿ? ನಿನ್ನ ಮಾನ ಹೋಗ್ತದ."

ಅಕ್ಕ ಕಣ್ಣು ಮುಚ್ಚಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಅಂದಳು: "ಸೃಷ್ಟಿ, ಎರಡು ಅಲ್ಲ, ಐದು ಹಾಕು. ನಮ್ಮವ್ವ ನನ್ನ ಸಲುವಾಗಿ ಕಮ್ಮಿ ಹೇಳಾಕತ್ತಾಳ."

ಪಡಸಾಲೆಯ ಆಚೆ ತುದಿಯಿಂದ ಒಬ್ಬಳು ಕೂಗಿದಳು: "ಹಂಗಾದ್ರ ನಂದೂ ತಿದ್ದವ್ವ ಸೃಷ್ಟವ್ವ, ನಾ ಮೂರು ಅಂದೀನಿ, ಆರು ಅದ!" ಎಲ್ಲರೂ ಹೋ ಎಂದು ನಕ್ಕರು. ನಂದೂ ನಂದೂ ಎಂದು ಎಲ್ಲರೂ ತಿದ್ದಿಸತೊಡಗಿದರು. ಸೃಷ್ಟಿಯೂ ನಗುತ್ತ ಓಡಾಡಿದಳು.

ದೊಡ್ಡವ್ವ ನಗಲಿಲ್ಲ. ಸೆರಗು ಎಳೆದು ಬಾಯಿ ಮುಚ್ಚಿಕೊಂಡಳು.

"ತೆಗಿ ಅವ್ವ" ಎಂದಳು ಅಕ್ಕ, ಬ್ರಷ್ ಹಿಡಿದುಕೊಂಡು.

"ಎಲ್ಲಾರೂ ನೋಡಾಕತ್ತಾರ."

"ನೋಡಲಿ."

ದೊಡ್ಡವ್ವ ಇಲ್ಲ ಎಂದು ತಲೆಯಾಡಿಸಿದಳು. ಸೆರಗು ಇನ್ನೂ ಬಿಗಿ ಮಾಡಿದಳು. ಸಿಟ್ಟಿನಿಂದಲ್ಲ. ಮಗಳು ಒಮ್ಮೆ ಹೇಳಿಕೊಟ್ಟದ್ದನ್ನು ಮಗಳೇ ಬಂದು ಬೇಡ ಅಂದರೆ ಒಂದೇ ದಿನದಲ್ಲಿ ಹೇಗೆ ಬಿಡುವುದು ಎಂದು ತಿಳಿಯದೆ ಹಾಗೆ ಕೂತಿದ್ದಳು. ಅಕ್ಕ ಅವಳ ಎದುರಿಗೆ ನೆಲದ ಮೇಲೆ ಕೂತಳು. ಸೆರಗಿಗೆ ಕೈ ಹಾಕಲಿಲ್ಲ. ತೆಗಿ ಎಂದು ಮತ್ತೆ ಹೇಳಲಿಲ್ಲ. ಸಾಲಿನಲ್ಲಿದ್ದವರು ಸೃಷ್ಟಿಯ ಹತ್ತಿರ ಒಬ್ಬೊಬ್ಬರಾಗಿ ಕೆನ್ನೆ ಉಜ್ಜಿಸಿಕೊಂಡು, ಇವರಿಬ್ಬರನ್ನೂ ದಾಟಿ, ಚಪ್ಪಲಿ ಮೆಟ್ಟಿಕೊಂಡು ಹೊಲದ ಕಡೆ ಹೋದರು. ಪಡಸಾಲೆ ಖಾಲಿಯಾಗುವ ತನಕ ಅಕ್ಕ ಹಾಗೇ ಕೂತಿದ್ದಳು, ತಲೆ ಎತ್ತದೆ.